ಪೊಟ್ಟಣದ ಮೇಲಿನ ಅಕ್ಷರಕ್ಕೆ ಒಡೆಯರು ಯಾರು?

ವ್ಯಾಪಾರಸ್ಥನು ತನ್ನ ಆಸ್ತಿಯ ಲೆಕ್ಕ ಹಾಕುವಾಗ ಅಂಗಡಿ, ಗೋದಾಮು, ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲವೂ ಖಾತೆಯಲ್ಲಿ ಸೇರುತ್ತವೆ. ಆದರೆ ಗಿರಾಕಿಯು ಸರಕನ್ನು ಗುರುತಿಸುವುದು ಇವುಗಳಿಂದಲ್ಲ. ಪೊಟ್ಟಣದ ಮೇಲಿನ ಹೆಸರಿನಿಂದ, ಆ ಹೆಸರಿನ ಅಕ್ಷರಗಳ ಬಾಗು ಬಳುಕಿನಿಂದ, ಪಕ್ಕದಲ್ಲಿರುವ ಗುರುತಿನಿಂದ. ಈ ಹೆಸರು ಮತ್ತು ಗುರುತು ಇಂದು ಒಂದು ಕಂಪ್ಯೂಟರ್ ಕಡತದ ರೂಪದಲ್ಲಿವೆ. ಆ ಕಡತ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಯಾರ ವಶದಲ್ಲಿದೆ ಎಂದು ಕೇಳಿದರೆ ನಮ್ಮ ಭಾಗದ ಅನೇಕ ಸಣ್ಣ ಉದ್ದಿಮೆದಾರರು ಕೊಡುವ ಉತ್ತರ ಒಂದೇ: “ಡಿಸೈನ್ ಮಾಡಿದವರ ಹತ್ತಿರ ಇರಬೇಕು.” ಈ “ಇರಬೇಕು” ಎಂಬ ಮಾತು ವ್ಯಾಪಾರಕ್ಕೆ ಎಷ್ಟು ದುಬಾರಿ ಎಂಬುದನ್ನು ಸದಸ್ಯ ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

ಕುಂದಗೋಳ ತಾಲ್ಲೂಕಿನ ಗುಡಗೇರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹುಬ್ಬಳ್ಳಿ–ಹಾವೇರಿ ರೈಲು ಮಾರ್ಗದಲ್ಲಿರುವ ಈ ಊರಿನ ಸುತ್ತಮುತ್ತ ಎರೆಭೂಮಿ. ಮೆಣಸಿನಕಾಯಿ, ಶೇಂಗಾ, ಹತ್ತಿ, ಕಡಲೆ ಇಲ್ಲಿನ ಬೆಳೆಗಳು. ಇಲ್ಲೊಬ್ಬರು ಖಾರದ ಪುಡಿಯ ಸಣ್ಣ ಘಟಕವನ್ನು ಆರಂಭಿಸಿದರೆನ್ನಿ. ಪೌಚ್ ಮಾಡಿಸಲು ಹುಬ್ಬಳ್ಳಿಗೆ ಬರುತ್ತಾರೆ. ಡಿಟಿಪಿ ಅಂಗಡಿಯ ಆಪರೇಟರು ಕೋರಲ್‌ಡ್ರಾದಲ್ಲಿ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬೆಲೆ ಎಲ್ಲವನ್ನೂ ಜೋಡಿಸಿ, ಒಂದು ಮೆಣಸಿನಕಾಯಿಯ ಚಿತ್ರ ಇಟ್ಟು, ಅಕ್ಷರಗಳನ್ನು ‘ಕರ್ವ್ಸ್’ ಮಾಡಿ ಮುದ್ರಣಕ್ಕೆ ಕಳುಹಿಸುತ್ತಾರೆ. ಪೌಚ್ ಬರುತ್ತದೆ, ಸರಕು ಮಾರಾಟವಾಗುತ್ತದೆ. ಮೂರು ವರ್ಷದ ಮೇಲೆ ದೂರವಾಣಿ ಸಂಖ್ಯೆ ಬದಲಾಗುತ್ತದೆ, ಇಲ್ಲವೇ ತೂಕದ ಹೊಸ ಶ್ರೇಣಿ ಬೇಕಾಗುತ್ತದೆ. ಅಷ್ಟರಲ್ಲಿ ಆ ಆಪರೇಟರು ಊರು ಬಿಟ್ಟಿರುತ್ತಾರೆ, ಅಥವಾ ಅಂಗಡಿಯ ಹಾರ್ಡ್ ಡಿಸ್ಕ್ ಕೆಟ್ಟಿರುತ್ತದೆ. ಉಳಿದಿರುವುದು ಒಂದು ಖಾಲಿ ಪೌಚ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದ ಒಂದು ಮಸುಕು ಚಿತ್ರ ಮಾತ್ರ. ಹೊಸ ಅಂಗಡಿಯವರು ಅದನ್ನೇ ಸ್ಕ್ಯಾನ್ ಮಾಡಿ ‘ಟ್ರೇಸ್’ ಹೊಡೆದು ಮುಂದಿನ ಪೌಚ್ ತಯಾರಿಸುತ್ತಾರೆ. ಮೂಲ ಅಕ್ಷರ ಅಲ್ಲಿಗೆ ಕಳೆದುಹೋಯಿತು. ಇನ್ನು ಮುಂದೆ ನಡೆಯುವುದೆಲ್ಲ ನಕಲಿನ ನಕಲು.

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಪರಿಷ್ಕೃತಗೊಂಡಾಗ ಖಾರಾ ತಿನಿಸುಗಳಂತಹ ಹಲವು ಸರಕುಗಳ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯನ್ನು ಬದಲಿಸಬೇಕಾಯಿತು. ತಿದ್ದಬಲ್ಲ ಮೂಲ ಕಡತ ಕೈಯಲ್ಲಿದ್ದವರಿಗೆ ಅದು ಕೆಲವು ನಿಮಿಷಗಳ ಕೆಲಸ. ಇಲ್ಲದವರು ಹೊಸದಾಗಿ ವಿನ್ಯಾಸ ಮಾಡಿಸಬೇಕು, ಇಲ್ಲವೇ ಹಳೆಯ ಅಂಕಿಯ ಮೇಲೆ ಬಿಳಿ ಚೌಕ ಹಚ್ಚಿ ತೇಪೆ ಹಾಕಬೇಕು.

ಅಕ್ಷರ ಬೇರೆ, ಆಕೃತಿ ಬೇರೆ

ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಕಂಪ್ಯೂಟರಿನಲ್ಲಿ ಚಿತ್ರಗಳು ಎರಡು ಬಗೆ. ಫೋಟೊ, ಸ್ಕ್ಯಾನ್ ಮೊದಲಾದವು ಸಣ್ಣ ಬಣ್ಣದ ಚೌಕಗಳ ಜೋಡಣೆ. ದೊಡ್ಡದು ಮಾಡಿದರೆ ಅಂಚುಗಳು ಒಡೆಯುತ್ತವೆ. ಇನ್ನೊಂದು ವೆಕ್ಟರ್ ಬಗೆ. ಇಲ್ಲಿ ಪ್ರತಿಯೊಂದು ಗೆರೆಯೂ ಗಣಿತದ ಸೂತ್ರ. ರೆನೊ ಕಾರು ಕಂಪನಿಯ ಪಿಯರ್ ಬೆಜಿಯೆ ಮತ್ತು ಸಿಟ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ ಎಂಬ ಫ್ರೆಂಚ್ ತಂತ್ರಜ್ಞರು ಕಾರಿನ ಮೈಯ ಬಾಗುಗಳನ್ನು ಗುರುತಿಸಲು ರೂಪಿಸಿದ ವಕ್ರರೇಖೆಗಳೇ ಇದಕ್ಕೆ ಆಧಾರ. ಅಂಗುಲದ ಸ್ಟಿಕರಿಗೂ ಇಪ್ಪತ್ತು ಅಡಿಯ ಫ್ಲೆಕ್ಸಿಗೂ ಒಂದೇ ಕಡತ ಸಾಕಾಗುವುದು ಈ ಗುಣದಿಂದ. 1989ರಲ್ಲಿ ಕೆನಡಾದ ಕೋರೆಲ್ ಸಂಸ್ಥೆ ಹೊರತಂದ ಕೋರಲ್‌ಡ್ರಾ ನಮ್ಮ ಊರುಗಳ ಮುದ್ರಣ ಅಂಗಡಿಗಳಲ್ಲಿ ಮನೆಮಾತಾದದ್ದೂ ಇದರಿಂದಲೇ.

ಇಂತಹ ತಂತ್ರಾಂಶದೊಳಗೆ ಪಠ್ಯವು ಎರಡು ಸ್ಥಿತಿಗಳಲ್ಲಿ ಇರಬಹುದು. ಮೊದಲನೆಯದು ಜೀವಂತ ಪಠ್ಯ. ಇದು ‘ಕ’ ಎಂಬ ಅಕ್ಷರ, ಇಂತಹ ಫಾಂಟಿನಲ್ಲಿದೆ ಎಂದು ತಂತ್ರಾಂಶಕ್ಕೆ ತಿಳಿದಿರುತ್ತದೆ. ತಿದ್ದಬಹುದು, ಅಳಿಸಬಹುದು, ಫಾಂಟು ಬದಲಿಸಬಹುದು. ಎರಡನೆಯದು ಕರ್ವ್ಸ್ ಸ್ಥಿತಿ. ಆಪರೇಟರು ಕಂಟ್ರೋಲ್ ಮತ್ತು ಕ್ಯೂ ಕೀಲಿಗಳನ್ನು ಒತ್ತಿದೊಡನೆ ಅಕ್ಷರವು ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಆಕೃತಿಯಾಗುತ್ತದೆ. ಕಣ್ಣಿಗೆ ಯಾವ ವ್ಯತ್ಯಾಸವೂ ಕಾಣದು. ಆದರೆ ಕಡತವನ್ನು ಉಳಿಸಿ ಮುಚ್ಚಿದ ಮೇಲೆ ಅದನ್ನು ಪದವಾಗಿ ತಿದ್ದಲು ಸಾಧ್ಯವಿಲ್ಲ.

ಗುಡಗೇರಿಗೆ ಸೇರಿದ ಕ್ರಿ.ಶ. 1076ರ ಒಂದು ಜೈನ ಶಾಸನವನ್ನು ಜೆ.ಎಫ್. ಫ್ಲೀಟ್ ಅವರು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ್ದಾರೆ. ಬಸದಿಗೆ ಸೇರಿದ ಭೂಮಿಯ ವಿಚಾರ ಅದರಲ್ಲಿದೆ. ಭೂಮಿಯ ಹಕ್ಕನ್ನು ಕಲ್ಲಿನಲ್ಲಿ ಕೆತ್ತಿಸಿದ್ದು ಅದು ಬದಲಾಗಬಾರದೆಂದೇ. ಪೊಟ್ಟಣದ ಮೇಲಿನ ಬೆಲೆ, ತೂಕ, ವಿಳಾಸಗಳಾದರೋ ಬದಲಾಗಲೇಬೇಕಾದವು. ಮುದ್ರಣಕ್ಕೆ ಕಳುಹಿಸುವ ಪ್ರತಿಯನ್ನು ಕಲ್ಲಿನ ಕೆತ್ತನೆಯಂತೆ ಭದ್ರಪಡಿಸುವುದು ಸರಿ. ಇರುವ ಒಂದೇ ಪ್ರತಿಯನ್ನೂ ಹಾಗೆ ಮಾಡಿಟ್ಟುಕೊಂಡರೆ ಪ್ರತಿ ಬದಲಾವಣೆಗೂ ಹೊಸ ಕಲ್ಲು ಹುಡುಕಬೇಕಾದೀತು.

ಕರ್ವ್ಸ್ ಏಕೆ ರೂಢಿಯಾಯಿತು?

ಇದರಲ್ಲಿ ವಿನ್ಯಾಸಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಕನ್ನಡ ಮುದ್ರಣದಲ್ಲಿ ಇದಕ್ಕೊಂದು ಬಲವಾದ ಕಾರಣವಿತ್ತು. ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತ ಸ್ಥಾನಗಳಲ್ಲಿ ಕನ್ನಡದ ಬಿಡಿ ಚೂರುಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕನ್ನಡದ ಬದಲು ರೋಮನ್ ಚಿಹ್ನೆಗಳ ಗೊಂದಲ ಕಾಣುತ್ತಿತ್ತು. ಹುಬ್ಬಳ್ಳಿಯಲ್ಲಿ ಸಿದ್ಧವಾದ ಕಡತ ಶಿವಕಾಶಿಯಲ್ಲೋ ಮುಂಬಯಿಯಲ್ಲೋ ತೆರೆದಾಗ ಹಾಗಾಗದಿರಲು ಕರ್ವ್ಸ್ ಮಾಡುವುದೊಂದೇ ದಾರಿಯಾಗಿತ್ತು. ಅನಿವಾರ್ಯದಿಂದ ಬಂದ ಪದ್ಧತಿ ಕ್ರಮೇಣ ರೂಢಿಯಾಯಿತು. ಮೂಲ ಪ್ರತಿಯನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವ ಎಚ್ಚರ ಮಾತ್ರ ಬೆಳೆಯಲಿಲ್ಲ.

ಈಗ ಪರಿಸ್ಥಿತಿ ಬದಲಾಗಿದೆ. ಯುನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯುಂಟು. ಯಾವ ಕಂಪ್ಯೂಟರಿನಲ್ಲಿ ತೆರೆದರೂ ‘ಕ’ ಎಂಬುದು ‘ಕ’ ಆಗಿಯೇ ಉಳಿಯುತ್ತದೆ. ಕೋರಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಚೆದುರಿಹೋಗುತ್ತಿದ್ದುದು ನಿಜ. 2012ರಲ್ಲಿ ಬಂದ ಎಕ್ಸ್6 ಆವೃತ್ತಿಯಿಂದ ಈಚೆಗೆ ಸಂಯುಕ್ತಾಕ್ಷರ ಲಿಪಿಗಳಿಗೆ ಬೆಂಬಲ ದೊರೆತಿದೆ. ಉಚಿತವಾಗಿ ದೊರೆಯುವ ಇಂಕ್‌ಸ್ಕೇಪ್ ತಂತ್ರಾಂಶವೂ ಕನ್ನಡ ಯುನಿಕೋಡನ್ನು ಸರಿಯಾಗಿ ಜೋಡಿಸುತ್ತದೆ. ಫಾಂಟುಗಳ ಕೊರತೆಯೂ ಮೊದಲಿನಂತಿಲ್ಲ. ನೋಟೊ, ಅನೇಕ್, ಬಲೂ ತಮ್ಮ ಮುಂತಾದ ಕನ್ನಡ ಫಾಂಟುಗಳು ಮುಕ್ತ ಪರವಾನಗಿಯಡಿ ಲಭ್ಯ; ನಮ್ಮ ನಗರದ ಹೆಸರನ್ನೇ ಹೊತ್ತ ‘ಹುಬ್ಬಳ್ಳಿ’ ಎಂಬ ಫಾಂಟೂ ಅವುಗಳಲ್ಲಿ ಒಂದು. ವ್ಯಾಪಾರದ ಪೊಟ್ಟಣದ ಮೇಲೆ ಇವನ್ನು ಹಣ ಕೊಡದೆ ಬಳಸಬಹುದು.

ಟ್ರೇಸ್ ಯಂತ್ರಕ್ಕೆ ಓದು ಬಾರದು

ಮಸುಕು ಚಿತ್ರದಿಂದ ವೆಕ್ಟರ್ ಆಕೃತಿಯನ್ನು ತಾನೇ ತೆಗೆಯುವ ಸೌಲಭ್ಯಕ್ಕೆ ಟ್ರೇಸ್ ಎನ್ನುತ್ತಾರೆ. ಕೋರಲ್‌ಡ್ರಾದಲ್ಲಿ ಪವರ್‌ಟ್ರೇಸ್, ಇಲಸ್ಟ್ರೇಟರಿನಲ್ಲಿ ಇಮೇಜ್ ಟ್ರೇಸ್, ಇಂಕ್‌ಸ್ಕೇಪಿನಲ್ಲಿ ಪೀಟರ್ ಸೆಲಿಂಜರ್ ಅವರ ಪೋಟ್ರೇಸ್ ಆಧಾರಿತ ಸೌಲಭ್ಯ ಇದೆ. ಹೂಬಳ್ಳಿ, ಎತ್ತಿನ ಚಿತ್ರ, ಕೈಬರಹದ ಸಹಿ ಇಂತಹವಕ್ಕೆ ಇದು ನಿಜಕ್ಕೂ ಉಪಯುಕ್ತ. ಅಕ್ಷರಕ್ಕೆ ಮಾತ್ರ ಅಪಾಯಕಾರಿ. ಏಕೆಂದರೆ ಈ ಸೌಲಭ್ಯಕ್ಕೆ ಓದು ಬಾರದು. ಕಪ್ಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಆರಂಭವಾಯಿತು ಎಂಬ ಗಡಿಯನ್ನಷ್ಟೇ ಅದು ಹಿಂಬಾಲಿಸುತ್ತದೆ.

ಕನ್ನಡ ಲಿಪಿಯಲ್ಲಿ ಅರ್ಥವು ಸಣ್ಣ ಗುರುತುಗಳಲ್ಲಿ ನಿಂತಿದೆ. ಪ ಮತ್ತು ಫ, ದ ಮತ್ತು ಧ, ಬ ಮತ್ತು ಭ ಇವುಗಳ ಅಂತರ ಅಡಿಯಲ್ಲಿರುವ ಒಂದು ಸಣ್ಣ ಗೀಟು ಮಾತ್ರ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು. ಪೊಟ್ಟಣದ ಹಿಂಬದಿಯ ಸಾಲುಗಳಲ್ಲಿ ಅವು ಸಾಸಿವೆಯಷ್ಟೂ ಇರುವುದಿಲ್ಲ. ಟ್ರೇಸಿನಲ್ಲಿ ‘ನುಣುಪು’ ಹೆಚ್ಚಿಸಿದರೆ ಇವು ಕರಗುತ್ತವೆ. ಕಡಿಮೆ ಮಾಡಿದರೆ ಮಸುಕು ಚಿತ್ರದ ಕಸವೆಲ್ಲ ಅಕ್ಷರದ ಅಂಚಿಗೆ ಹಲ್ಲಿನಂತೆ ಅಂಟಿಕೊಳ್ಳುತ್ತದೆ. ‘ಬ್ಯಾಡಗಿ’ ಎಂಬಲ್ಲಿ ಯ ಒತ್ತು ಅಳಿಸಿದರೆ ‘ಬಾಡಗಿ’ ಆಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಹೆಸರನ್ನು ಪೊಟ್ಟಣದ ಮೇಲೆ ತಪ್ಪಾಗಿ ಅಚ್ಚು ಹಾಕಿ ಮಾರುವುದು ಸರಕಿನ ಬೆಲೆಯನ್ನು ನಾವೇ ಇಳಿಸಿಕೊಂಡಂತೆ. ಇನ್ನು ಚುಕ್ಕೆಗಳನ್ನು ಕಸವೆಂದು ತಿಳಿದು ತೆಗೆದುಹಾಕುವ ಸೌಲಭ್ಯ ಚಾಲೂ ಇದ್ದರೆ 1.5 ಕಿಲೋ ಎಂಬುದು 15 ಕಿಲೋ ಆಗಲೂಬಹುದು.

ಇನ್ನೂ ಎರಡು ದೋಷಗಳು ಮುದ್ರಣವಾದ ಮೇಲೆಯೇ ಕಾಣುತ್ತವೆ. ಒಂದು, ಅಕ್ಷರದೊಳಗಿನ ಖಾಲಿ ಜಾಗ. ಸರಿಯಾಗಿ ರಚಿಸಿದ ಅಕ್ಷರದಲ್ಲಿ ಅದು ತೂತು. ಟ್ರೇಸಿನಲ್ಲಿ ಅನೇಕ ವೇಳೆ ಅದು ಮೇಲಿಟ್ಟ ಬಿಳಿ ತುಂಡು. ಬಿಳಿ ಹಾಳೆಯ ಮೇಲೆ ಗೊತ್ತಾಗುವುದಿಲ್ಲ. ಕೆಂಪು ಪೌಚಿನ ಮೇಲೆ ಅಕ್ಷರಗಳ ಹೊಟ್ಟೆಯಲ್ಲಿ ಬಿಳಿ ಮಚ್ಚೆಗಳು ಏಳುತ್ತವೆ. ಎರಡು, ಬಿಂದುಗಳ ಸಂಖ್ಯೆ. ಕೈಯಿಂದ ರಚಿಸಿದ ಅಕ್ಷರಕ್ಕೆ ಕೆಲವೇ ಬಿಂದುಗಳು ಸಾಕು; ಟ್ರೇಸ್ ಮಾಡಿದ್ದಕ್ಕೆ ಅದರ ಹಲವು ಪಟ್ಟು. ಕೂರಿಗೆ, ಕುಂಟೆ ತಯಾರಿಸುವ ವರ್ಕ್‌ಶಾಪಿನವರು ಹೆಸರಿನ ಫಲಕವನ್ನು ಲೇಸರಿನಲ್ಲಿ ಕತ್ತರಿಸಲು ಕೊಟ್ಟಾಗ ಯಂತ್ರವು ಆ ಬಿಂದುಗಳಲ್ಲೆಲ್ಲ ತಡವರಿಸುತ್ತದೆ, ಅಂಚು ಗರಗಸದಂತಾಗುತ್ತದೆ. ತಗಡು ಹಾಳು, ಸಮಯ ಹಾಳು.

ಬಾರ್‌ಕೋಡನ್ನಂತೂ ಎಂದಿಗೂ ಟ್ರೇಸ್ ಮಾಡಲಾಗದು. ಇಎಎನ್-13 ಬಾರ್‌ಕೋಡಿನ ಮಾನಕ ಅಗಲ 37.29 ಮಿ.ಮೀ.; ಅತ್ಯಂತ ತೆಳ್ಳನೆಯ ಗೆರೆ 0.33 ಮಿ.ಮೀ.; ಶೇ 80ಕ್ಕಿಂತ ಕಿರಿದಾಗಿಸಬಾರದೆಂಬುದು ನಿಯಮ. ಟ್ರೇಸ್ ಮಾಡಿದಾಗ ಗೆರೆಗಳ ದಪ್ಪ ಏರುಪೇರಾಗಿ ಸ್ಕ್ಯಾನರು ಓದದೆ ಹೋದರೆ ದೊಡ್ಡ ಅಂಗಡಿಯವರು ಸರಕನ್ನೇ ಹಿಂದಿರುಗಿಸುತ್ತಾರೆ. ಸಂಖ್ಯೆ ನಮ್ಮಲ್ಲಿದ್ದ ಮೇಲೆ ಬಾರ್‌ಕೋಡನ್ನು ಹೊಸದಾಗಿ ತಯಾರಿಸುವುದು ಕ್ಷಣದ ಕೆಲಸ. ಹಸಿರು ಚೌಕದೊಳಗಿನ ಹಸಿರು ವೃತ್ತದ ಸಸ್ಯಾಹಾರಿ ಗುರುತೂ ಹಾಗೆಯೇ. ಒಂದು ಚೌಕ, ಒಂದು ವೃತ್ತ ಎಳೆದರಾಯಿತು, ಮತ್ತೊಬ್ಬರ ಪೊಟ್ಟಣದಿಂದ ಎತ್ತುವ ಅಗತ್ಯವಿಲ್ಲ.

ಕಾನೂನಿನ ದೃಷ್ಟಿ

2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸರಕುಗಳು) ನಿಯಮಗಳ ಪ್ರಕಾರ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿನ ವಿವರ ಮೊದಲಾದವು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು. ಜೊತೆಗೆ ಬೇರೆ ಭಾಷೆಯನ್ನು ಬಳಸಲು ಅಡ್ಡಿಯಿಲ್ಲ. ಆಹಾರ ಪದಾರ್ಥವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಬೇಕು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಅನ್ವಯ ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆಗಳು ಕನ್ನಡದಲ್ಲಿಯೂ ಇರಬೇಕೆಂದು ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಹೀಗಾಗಿ ಅಂಗೈಯಗಲದ ಜಾಗದಲ್ಲಿ ಎರಡು ಲಿಪಿಗಳು ಸ್ಪಷ್ಟವಾಗಿ ನಿಲ್ಲಬೇಕು. ಟ್ರೇಸ್ ಮಾಡಿದ ಕಲಸುಮೇಲೋಗರದಿಂದ ಇದು ಆಗದು. ಕನ್ನಡವನ್ನು ಅಚ್ಚುಕಟ್ಟಾಗಿ ಟೈಪು ಮಾಡಿಸುವುದು ಭಾಷಾಭಿಮಾನದ ವಿಷಯ ಹೌದು. ಅದಕ್ಕೂ ಮೊದಲು ನಮ್ಮ ಗಿರಾಕಿ ಓದುವ ಭಾಷೆಯಲ್ಲಿ ಆತನಿಗೆ ಸಲ್ಲಬೇಕಾದ ಮಾಹಿತಿ.

ಟ್ರೇಡ್‌ಮಾರ್ಕಿನ ವಿಚಾರವೂ ಇದಕ್ಕೆ ಹೊಂದಿಕೊಂಡಿದೆ. 1999ರ ಟ್ರೇಡ್ ಮಾರ್ಕ್ಸ್ ಅಧಿನಿಯಮದಡಿ ನೋಂದಣಿಯ ಅವಧಿ ಹತ್ತು ವರ್ಷ. ಮತ್ತೆ ಮತ್ತೆ ನವೀಕರಿಸಬಹುದು. ಅಕ್ಷರದ ವಿಶಿಷ್ಟ ರೂಪವನ್ನೇ ಗುರುತಾಗಿ ನೋಂದಾಯಿಸಿದ್ದರೆ, ಪ್ರತಿ ಮರುಮುದ್ರಣದಲ್ಲೂ ಟ್ರೇಸ್ ಆಗುತ್ತಾ ಹೋದ ರೂಪವು ಮೂಲದಿಂದ ದೂರ ಸರಿಯುತ್ತದೆ. ನಾಳೆ ಯಾರಾದರೂ ನಮ್ಮ ಗುರುತನ್ನು ನಕಲು ಮಾಡಿದಾಗ ನೋಂದಾಯಿಸಿದ್ದು ಒಂದು, ಬಳಸುತ್ತಿರುವುದು ಇನ್ನೊಂದು ಎಂದು ಎದುರಾಳಿ ವಾದಿಸಲು ನಾವೇ ಅವಕಾಶ ಮಾಡಿಕೊಟ್ಟಂತಾಗುತ್ತದೆ.

ಪುಕ್ಕಟೆ ವಿನ್ಯಾಸದ ಬೆಲೆ

ಇಷ್ಟೆಲ್ಲ ಆದರೂ ಮೂಲ ಕಡತ ನಮ್ಮ ಕೈಗೆ ಬರುವುದಿಲ್ಲವೇಕೆ? ಇದಕ್ಕೆ ನಾವು ವ್ಯಾಪಾರಸ್ಥರೇ ಬಹುಮಟ್ಟಿಗೆ ಕಾರಣ ಎಂಬುದು ಈ ಲೇಖಕನ ಸ್ಪಷ್ಟ ಅಭಿಪ್ರಾಯ. ನಾವು ಮುದ್ರಣಕ್ಕೆ ಹಣ ಕೊಡುತ್ತೇವೆ. ವಿನ್ಯಾಸ ಪುಕ್ಕಟೆ ಬರಬೇಕೆನ್ನುತ್ತೇವೆ. ಆಪರೇಟರು ಎರಡು ದಿನ ಕುಳಿತು ಮಾಡಿದ ಕೆಲಸಕ್ಕೆ ಬಿಲ್ಲಿನಲ್ಲಿ ಒಂದು ಸಾಲೂ ಇರುವುದಿಲ್ಲ. ಹೀಗಿರುವಾಗ ಕಡತವೇ ಅವರಿಗೆ ಅಡವು. ಅದನ್ನು ಕೊಟ್ಟರೆ ಮುಂದಿನ ಮುದ್ರಣ ಬೇರೆಯವರ ಪಾಲಾಗುತ್ತದೆಂಬ ಅಂಜಿಕೆ ಅವರಿಗಿದೆ, ಮತ್ತು ಆ ಅಂಜಿಕೆ ಸುಳ್ಳಲ್ಲ.

ಕಾನೂನೂ ಹಣ ಕೊಟ್ಟ ಮಾತ್ರಕ್ಕೆ ಎಲ್ಲ ಹಕ್ಕೂ ನಮ್ಮದೆನ್ನುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಕಲಾಕೃತಿಯ ಮೊದಲ ಒಡೆತನ ಸಾಮಾನ್ಯವಾಗಿ ಅದನ್ನು ರಚಿಸಿದವರದು. ಅವರು ನಮ್ಮ ಸಂಬಳದ ನೌಕರರಾಗಿದ್ದರೆ ಮಾತು ಬೇರೆ. ಹೊರಗಿನವರಿಂದ ಮಾಡಿಸಿದ ಗುರುತಿನ ಹಕ್ಕು ನಿಸ್ಸಂದೇಹವಾಗಿ ನಮಗೆ ಬರಬೇಕಾದರೆ ಅವರ ಸಹಿಯುಳ್ಳ ಲಿಖಿತ ಹಸ್ತಾಂತರ ಪತ್ರ ಬೇಕು. ಅದರಲ್ಲಿ ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತವೆಂದೂ ಕಾನೂನು ಭಾವಿಸುತ್ತದೆ. ಗಲ್ಫಿಗೆ ರೊಟ್ಟಿ, ಚಟ್ನಿ ಪುಡಿ ಕಳುಹಿಸುವ ಆಸೆಯುಳ್ಳವರು ಇದನ್ನು ಗಮನಿಸಬೇಕು.

ಆದ್ದರಿಂದ ಪರಿಹಾರವು ವಿನ್ಯಾಸಕಾರರನ್ನು ಬಗ್ಗಿಸುವುದರಲ್ಲಿಲ್ಲ. ಅವರ ಕೆಲಸಕ್ಕೆ ಪ್ರತ್ಯೇಕ ಬೆಲೆ ಕೊಟ್ಟು, ಪ್ರತ್ಯೇಕ ರಸೀದಿ ಪಡೆದು, ಕಡತವನ್ನು ಹಕ್ಕಿನಿಂದ ಕೇಳುವುದರಲ್ಲಿದೆ. ಸಣ್ಣ ಘಟಕಗಳಿಗೆ ಇದು ಹೆಚ್ಚುವರಿ ಖರ್ಚೆಂಬ ಆಕ್ಷೇಪ ಬರುವುದು ಸಹಜ. ಆದರೆ ಪೌಚ್ ಮುದ್ರಣದ ಗ್ರೇವ್ಯೂರ್ ಪದ್ಧತಿಯಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರನ್ನು ಕೆತ್ತಬೇಕು. ಒಂದು ಅಕ್ಷರ ತಪ್ಪಿದರೂ ಆ ಬಣ್ಣದ ಸಿಲಿಂಡರನ್ನು ಮತ್ತೆ ಮಾಡಿಸಬೇಕು. ಈ ವೆಚ್ಚವನ್ನು ಒಮ್ಮೆ ಕೊಟ್ಟವರಿಗೆ ವಿನ್ಯಾಸದ ಶುಲ್ಕ ಹೆಚ್ಚೆನಿಸದು.

ಮಾಡಬೇಕಾದದ್ದು

ಈ ದಿಸೆಯಲ್ಲಿ ಸದಸ್ಯರು ಕೆಲವು ಕ್ರಮಗಳನ್ನು ಪಾಲಿಸಬಹುದು. ಮೊದಲನೆಯದಾಗಿ, ಪ್ರತಿ ವಿನ್ಯಾಸದ ಎರಡು ಪ್ರತಿಗಳನ್ನು ಪಡೆಯಬೇಕು: ಜೀವಂತ ಪಠ್ಯವಿರುವ ಮೂಲ ಪ್ರತಿ ಮತ್ತು ಕರ್ವ್ಸ್ ಮಾಡಿದ ಮುದ್ರಣ ಪ್ರತಿ. ಜೊತೆಗೆ ಬಳಸಿದ ಫಾಂಟಿನ ಹೆಸರು, ಬಣ್ಣಗಳ ಪ್ರಮಾಣ, ಮೂಲ ಫೋಟೊಗಳು ಇರಲಿ. ಇವನ್ನು ಪೆನ್‌ಡ್ರೈವಿನಲ್ಲೂ ಇ-ಮೇಲಿನಲ್ಲೂ ಇಟ್ಟುಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದ ಚಿತ್ರ ಕುಗ್ಗಿದ ಪ್ರತಿಯಾದ್ದರಿಂದ ಅದನ್ನು ನಂಬಿ ಕೂರಬಾರದು.

ಎರಡನೆಯದಾಗಿ, ವಿಳಾಸ, ತೂಕ, ಸೂಚನೆ ಇತ್ಯಾದಿ ಎಲ್ಲ ಪಠ್ಯವನ್ನು ಯುನಿಕೋಡಿನಲ್ಲಿಯೇ ಟೈಪು ಮಾಡಿಸಬೇಕು. ಹಳೆಯ ಕಡತಗಳಿದ್ದರೆ ನುಡಿ, ಬರಹಗಳಲ್ಲಿರುವ ಪರಿವರ್ತಕದಿಂದ ಬದಲಿಸಿಕೊಳ್ಳಬಹುದು. ಪರಿವರ್ತನೆಯಾದ ಮೇಲೆ ಒಮ್ಮೆ ಓದಿ ನೋಡುವುದು ಅವಶ್ಯ. ‘ವರ್ತಕ’ ಎಂಬಂತಹ ಪದಗಳ ಅರ್ಕಾವತ್ತು ಸ್ಥಳ ತಪ್ಪುವುದುಂಟು. ಇದೇ ಪಠ್ಯವನ್ನು ಮುಂದೆ ಆನ್‌ಲೈನ್ ಮಾರಾಟದ ಪಟ್ಟಿಗೂ ಬಿಲ್ಲಿಗೂ ನೇರವಾಗಿ ಬಳಸಬಹುದು. ಕರ್ವ್ಸ್ ಆದ ಅಕ್ಷರವನ್ನು ಹಾಗೆ ನೇರವಾಗಿ ಪಠ್ಯವಾಗಿ ಬಳಸಲಾಗದು.

ಮೂರನೆಯದಾಗಿ, ಮೂಲ ಕಡತ ಈಗಾಗಲೇ ಕಳೆದಿದ್ದರೆ ಟ್ರೇಸಿಗೆ ಮೊರೆಹೋಗುವ ಮೊದಲು ಪಠ್ಯವನ್ನೆಲ್ಲ ಹೊಸದಾಗಿ ಟೈಪು ಮಾಡಿಸಬೇಕು. ಹೆಸರಿನ ವಿಶಿಷ್ಟ ಅಕ್ಷರ ರೂಪವನ್ನು ಮಾತ್ರ ಹಳೆಯ ಪೊಟ್ಟಣದ ಒಳ್ಳೆಯ ಸ್ಕ್ಯಾನನ್ನು ಕೆಳಗಿಟ್ಟು, ಅದರ ಮೇಲೆ ಕೈಯಿಂದ ಬಿಂದು ಬಿಂದುವಾಗಿ ಬರೆಸಬೇಕು. ಇದು ಅರ್ಧ ದಿನದ ಕೆಲಸವಾದರೂ ಒಮ್ಮೆ ಮಾಡಿದರೆ ಸಾಕು. ಮುದ್ರಣಕ್ಕೆ ಒಪ್ಪಿಗೆ ಕೊಡುವ ಮುನ್ನ ನಿಜವಾದ ಅಳತೆಯಲ್ಲಿ ಒಂದು ಪ್ರತಿ ತೆಗೆಸಿ, ಮನೆಯಲ್ಲಿ ಕನ್ನಡ ಚೆನ್ನಾಗಿ ಓದುವವರಿಂದ ಒತ್ತಕ್ಷರ ಸಹಿತ ಗಟ್ಟಿಯಾಗಿ ಓದಿಸಬೇಕು.

ವಾಣಿಜ್ಯ ಸಂಸ್ಥೆಗಳೂ ಈ ವಿಷಯದಲ್ಲಿ ಮುಂದೆ ಬರಬೇಕು. ವಿನ್ಯಾಸದ ಕೆಲಸಕ್ಕೆ ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರುಪತ್ರವನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ಮುದ್ರಣಕಾರರು, ಡಿಟಿಪಿ ಆಪರೇಟರುಗಳು ಮತ್ತು ಉದ್ದಿಮೆದಾರರನ್ನು ಒಂದೆಡೆ ಕೂರಿಸಿ, ಯುನಿಕೋಡ್ ಬಳಕೆಯ ಬಗ್ಗೆ ತಾಲ್ಲೂಕು ಮಟ್ಟದಲ್ಲಿ ಒಂದು ದಿನದ ತರಬೇತಿ ಏರ್ಪಡಿಸಬಹುದು. ಕುಂದಗೋಳ, ನವಲಗುಂದ, ಕಲಘಟಗಿ, ಅಣ್ಣಿಗೇರಿಗಳ ಹೊಸ ಉದ್ದಿಮೆದಾರರಿಗೆ, ವಿಶೇಷವಾಗಿ ರೊಟ್ಟಿ, ಚಟ್ನಿಪುಡಿ ತಯಾರಿಸುವ ಸ್ತ್ರೀಶಕ್ತಿ ಗುಂಪುಗಳಿಗೆ ಇದರಿಂದ ನೇರ ಪ್ರಯೋಜನವಾದೀತು.

ಮುಂದಿನ ಮುದ್ರಣದ ಆರ್ಡರು ಕೊಡುವ ಮೊದಲು ಪ್ರತಿಯೊಬ್ಬ ಸದಸ್ಯರೂ ತಮ್ಮ ಸರಕಿನ ಮೂಲ ಕಡತ ಎಲ್ಲಿದೆ ಎಂದು ವಿಚಾರಿಸಿ, ಅದನ್ನು ತೆರೆಸಿ, ಅದರಲ್ಲಿನ ಒಂದು ಅಕ್ಷರವನ್ನು ತಿದ್ದಿಸಿ ನೋಡಬೇಕೆಂದು ವಿನಂತಿ. ತಿದ್ದಲು ಬಂದರೆ ಅಕ್ಷರ ನಿಮ್ಮದು. ಬಾರದಿದ್ದರೆ ಮೂಲ ಪ್ರತಿಯನ್ನು ಪಡೆಯುವ ಇಲ್ಲವೇ ಹೊಸದಾಗಿ ಸಿದ್ಧಪಡಿಸುವ ಕೆಲಸವನ್ನು ಈ ತಿಂಗಳೇ ಕೈಗೊಳ್ಳುವುದು ಹಿತ.